ಆರು ಗಂಟೆಯ ಕೆಲಸ

ಫಿಂಟನ್‌ನ ಟೈ ಸರಿಮಾಡಲು ಶವಪೆಟ್ಟಿಗೆಯೊಳಗೆ ಬಗ್ಗಿದ ಬ್ರೀಜ್‌ಳ ಕೈಗೆ ಗಂಡನ ಕೋಟಿನ ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ತಗುಲಿತು. ಎಳೆದು ನೋಡಿದಳು. ಅಂಗೈಯಗಲದ ವಿಸ್ಕಿ ಬಾಟಲಿ. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಸಿಟ್ಟು ನೆತ್ತಿಗೇರಿ ಅವಳಿಗೆ ಒಂದು ಗಳಿಗೆ ಕೋಣೆಯೇ ಕಾಣಲಿಲ್ಲ.

"ಯಾರ್ರೋ ಇದನ್ನ ಇಟ್ಟೋರು?"

ಗೋಡೆಯ ಪಕ್ಕ ಸಾಲಾಗಿ ಕೂತಿದ್ದ ಮೂವರೂ ಚಹಾದ ಕಪ್ಪಿನೊಳಗೆ ಕಣ್ಣಿಟ್ಟರು. ಡೆಕ್ಲನ್, ಟೀಗ್, ಮಾರ್ಟಿನ್. ಐರ್ಲೆಂಡಿನ ಪಡುಗಡಲಲ್ಲಿ ಫಿಂಟನ್ ಜತೆ ಒಂದೇ ದೋಣಿಯಲ್ಲಿ ಮೀನು ಹಿಡಿದವರು, ಒಂದೇ ಪಬ್ಬಿನಲ್ಲಿ ಕುಡಿದವರು. ಪೆಟ್ಟಿಗೆಯನ್ನು ಇಗರ್ಜಿಗೆ ಒಯ್ಯಲು ಸಂಜೆ ಆರಕ್ಕೆ ಗಾಡಿ ಬರುವುದಿತ್ತು. ಹೆಗಲು ಕೊಡುವವರಲ್ಲಿ ಈ ಮೂವರೂ ಇದ್ದರು.

ಡೆಕ್ಲನ್ ಗಂಟಲು ಸರಿಮಾಡಿಕೊಂಡ. "ನಾನೇ ಕಣೇ. ನಮ್ಮಪ್ಪನ ಪೆಟ್ಟಿಗೇಲೂ ಇಟ್ಟಿದ್ವಿ, ಟೀಗ್‌ನ ಅಣ್ಣಂಗೂ ಇಟ್ಟಿದ್ವಿ. ದಾರಿಗಿರಲಿ ಅಂತ. ಹೋದ್ಮೇಲೆ ಇನ್ನೇನು ಕೆಟ್ಟೀತು, ಹೇಳು?"

"ಒಂಬತ್ತು ವರ್ಷ ಕಣೋ! ಒಂಬತ್ತು ವರ್ಷ ಒಂದು ಹನಿ ಮುಟ್ಟದೇ ಇದ್ದೋನ ಎದೆ ಮೇಲೆ ಇದನ್ನಿಟ್ಟು ಮಣ್ಣು ಮಾಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ಪ್ರೀತಿಯಿಂದ ಇಟ್ಟಿದ್ದು ಬ್ರೀಜ್," ಎಂದ ಮಾರ್ಟಿನ್ ಮೆಲ್ಲಗೆ.

"ನಿಮ್ಮ ಪ್ರೀತಿಗಿಷ್ಟು ಬೆಂಕಿ ಹಾಕ!"

*

ಕುಡಿತ ಬಿಟ್ಟ ಮೊದಲ ವಾರ ಫಿಂಟನ್ ಅಡುಗೆಮನೆಯ ಗಡಿಯಾರದ ಕೆಳಗೆ ನಿಂತು ಕೇಳಿದ್ದ: "ಆರು ಗಂಟೆಗೆ ಜನ ಏನ್ಮಾಡ್ತಾರೆ ಬ್ರೀಜ್?"

ತಮಾಷೆಯಲ್ಲ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಆ ಹೊತ್ತಿಗೆ ಅವನ ಕಾಲು ತಾನಾಗಿಯೇ ಪಬ್ಬಿಗೆ ನಡೆದಿತ್ತು. ಈಗ ಸುಮ್ಮಸುಮ್ಮನೆ ರೇಗುತ್ತಿದ್ದ. ಒಂದು ಸಂಜೆ ಊಟದ ತಟ್ಟೆಯನ್ನೇ ಗೋಡೆಗೆ ಬೀಸಿದ. ಬ್ರೀಜ್‌ಗೂ ಸಾಕಾಗಿ ಹೋಗಿತ್ತು. ಪಾಲಿಶ್ ಡಬ್ಬಿಯನ್ನು ತಂದು ಅವನ ಮುಂದೆ ಕುಕ್ಕಿ, "ನಿನ್ನ ಬೂಟಾದ್ರೂ ಉಜ್ಜು, ಹೋಗು!" ಎಂದಳು.

ಉಜ್ಜಿದ. ಮರುದಿನ ಅವಳ ಬೂಟು, ಆಮೇಲೆ ಪಕ್ಕದ ಮನೆಯವರದು. ವರ್ಷ ತುಂಬುವಷ್ಟರಲ್ಲಿ ಇಡೀ ಬೀದಿಯ ಬೂಟುಗಳು ಸಂಜೆ ಅವರ ಹೊಸ್ತಿಲಿಗೆ ಬರತೊಡಗಿದವು. ಆರರಿಂದ ಏಳರವರೆಗೆ ಅವನು ತಲೆಯೆತ್ತುತ್ತಿರಲಿಲ್ಲ. ಎದುರಿಗೆ ಮಾತ್ರ ಇನ್ನೊಂದು ಕುರ್ಚಿ ಹಾಕಿಟ್ಟಿರುತ್ತಿದ್ದ.

"ಡೆಕ್ಲನ್ ಬಂದ್ರೆ ಬೇಕಾಗತ್ತೆ," ಎನ್ನುತ್ತಿದ್ದ.

*

"ನಿಂಗೇಂತ ಅವನು ಹಾಕಿಟ್ಟ ಕುರ್ಚಿ ಒಂಬತ್ತು ವರ್ಷ ಖಾಲಿ ಇತ್ತಲ್ಲೋ, ಒಂದಿನ ಬಂದು ಕೂರೋಕೆ ನಿಂಗೇನಾಗಿತ್ತು?"

ಡೆಕ್ಲನ್‌ನ ಮುಖ ಕೆಂಪಾಯಿತು. "ಹೇಗೆ ಬರ್ಲಿ ಮಾರಾಯ್ತಿ? ಕೈಯಲ್ಲಿ ಗ್ಲಾಸಿಲ್ದೆ ಅವನ ಹತ್ರ ಏನು ಮಾತಾಡೋದು ಅಂತ್ಲೇ ನಂಗೆ ಗೊತ್ತಾಗ್ಲಿಲ್ಲ."

"ಅವನಿಗೂ ಗೊತ್ತಿರ್ಲಿಲ್ಲ. ಕಲ್ತ."

ಅವಳು ಅಡುಗೆಮನೆಗೆ ಹೋಗಿ ಬಾಟಲಿಯನ್ನು ಸಿಂಕಿಗೆ ಸುರಿದಳು. ವಾಸನೆ ಹೋಗಲೆಂದು ಕಿಟಕಿ ತೆರೆದಳು. ಮರಳಿ ಬಂದಾಗ ಕೈಯಲ್ಲಿ ಫಿಂಟನ್‌ನ ಪಾಲಿಶ್ ಡಬ್ಬಿ, ಮೂರು ಬ್ರಶ್ಶು ಇದ್ದವು. ಮೂವರ ಬೂಟಿನಲ್ಲೂ ಬಂದರಿನ ಕೆಸರು ಒಣಗಿತ್ತು.

"ಈ ಬೂಟಲ್ಲಿ ಅವನನ್ನ ಹೊರ್ತೀರಾ? ಬಿಚ್ರಿ."

"ಗಾಡಿ ಬಂದು ನಿಂತಿದೆ, ಬ್ರೀಜ್..." ಎಂದ ಟೀಗ್.

"ನಿಂತಿರ್ಲಿ."

ಗಡಿಯಾರ ಆರು ಹೊಡೆಯಿತು. ಮೂವರು ಮುದುಕರು ಕಾಲುಚೀಲದಲ್ಲಿ ಕೂತು ಬೂಟು ಉಜ್ಜಿದರು. ಡೆಕ್ಲನ್‌ನ ಹೆಬ್ಬೆರಳು ತೂತಿನಿಂದ ಹೊರಗೆ ಇಣುಕುತ್ತಿತ್ತು. ಅವನಿಗೆ ಅಭ್ಯಾಸವಿರಲಿಲ್ಲ, ಕೈಬೆರಳಿಗೆಲ್ಲ ಕಪ್ಪು ಪಾಲಿಶ್ ಮೆತ್ತಿಕೊಂಡ. ಬ್ರೀಜ್ ಅವನ ತಲೆಯ ಮೇಲೆಯೇ ನಿಂತಿದ್ದಳು. "ಹಿಮ್ಮಡೀನೂ," ಎಂದಳು.

ಪೆಟ್ಟಿಗೆ ಬಾಗಿಲು ದಾಟಿದಾಗ, ಡೆಕ್ಲನ್ ಹಿಡಿದ ಕಡೆ ತಿಳಿಬಣ್ಣದ ಮರದ ಮೇಲೆ ಐದು ಕಪ್ಪು ಬೆರಳಚ್ಚು ಮೂಡಿದ್ದವು. ಗಾಡಿಯವನು ಒರೆಸಲು ಕರವಸ್ತ್ರ ತೆಗೆದ. ಬ್ರೀಜ್ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು.