ಮೆಟ್ಟಿಲಿಲ್ಲದ ಮನೆಯಲ್ಲಿ ಬಿದ್ದವಳು

ನಮ್ಮ ಮಾವನವರದು ಗಡಿಯಾರ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನನ್ನ ನಾದಿನಿ ಅಪ್ಪನ ಪಕ್ಕದಲ್ಲೇ ಕೂತು, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿನಷ್ಟು ಸಣ್ಣ ತಿರುಪುಗಳನ್ನು ಕೂರಿಸುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಮಾವನ ತಂಗಿ ಇಪ್ಪತ್ತೆರಡು ವರ್ಷದಿಂದ ಮಲಗಿದಲ್ಲೇ ಇದ್ದರು. ಕೇಳಿದವರಿಗೆಲ್ಲ ‘ಮೆಟ್ಟಿಲಿಂದ ಬಿದ್ದಳು’ ಎಂದು ಒಂದೇ ಉತ್ತರ. ಈ ಮನೆಗೆ ಮೆಟ್ಟಿಲೇ ಇಲ್ಲವೆಂದು ಸೊಸೆಯಾಗಿ ಬಂದ ದಿನವೇ ನನಗೆ ಕಂಡಿತ್ತು. ಆದರೂ ಒಂಬತ್ತು ವರ್ಷ ನಾನೂ ಅದನ್ನೇ ಒಪ್ಪಿಸಿದೆ. ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ನಾದಿನಿ ಭೂತಗನ್ನಡಿಯನ್ನು ಒರೆಸಿದಳು, ಮತ್ತೆ ಒರೆಸಿದಳು. ಗಾಜು ಚೊಕ್ಕಟವಾಗಿಯೇ ಇತ್ತು, ಮಬ್ಬಾಗಿದ್ದು ಕಣ್ಣು. ವಾರದೊಳಗೆ ಎಡಗಾಲು ಜೋಮು ಹಿಡಿಯಿತು. ಆಸ್ಪತ್ರೆಯಲ್ಲಿ ನರದ ಕಾಯಿಲೆಗಳ ಮೇಲೆಯೇ ಸಂಶೋಧನೆ ಮಾಡುವ ಡಾಕ್ಟರಮ್ಮ ಸ್ಕ್ಯಾನ್ ನೋಡಿದರು.

“ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರೆ. ಮೈ ಕಾಯಬೇಕಾದ ಶಕ್ತಿನೇ ನರದ ಹೊದಿಕೆ ತಿನ್ನುತ್ತೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಬೇಗ ಔಷಧಿ ಶುರು ಮಾಡಿದ್ರೆ ತುಂಬಾ ಮಟ್ಟಿಗೆ ತಡೀಬಹುದು. ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ? ನಮ್ಮ ಸಂಶೋಧನೆಗೆ ಅದು ಗೊತ್ತಾಗ್ಬೇಕು.”

“ಯಾರಿಗೂ ಇಲ್ಲ,” ಎಂದರು ಮಾವ. ಡಾಕ್ಟರಮ್ಮ ತುಂಬಲು ಕೊಟ್ಟ ಅರ್ಜಿಯಲ್ಲೂ ಹಾಗೆಯೇ ಬರೆದರು.

ಮನೆಗೆ ಬಂದವರೇ ಔಷಧಿಗೂ ಅಡ್ಡ ನಿಂತರು. ನಾದಿನಿಗೆ ಗಂಡು ಗೊತ್ತಾಗಿತ್ತಲ್ಲ! “ಮದುವೆ ಆಗ್ಲಿ, ಆಮೇಲೆ ಸೂಜಿ ಗೀಜಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ.”

“ಮದುವೆಗೆ ಇನ್ನೂ ನಾಲ್ಕು ತಿಂಗಳಿದೆ ಮಾವ. ಕಾಯಿಲೆ ಅಲ್ಲೀವರೆಗೂ ಕಾಯುತ್ತಾ?”

“ನೀನು ಸುಮ್ನಿರಮ್ಮ. ಮನೆ ಗುಟ್ಟು ರಟ್ಟಾದ್ರೆ ಇವಳನ್ನ ಯಾರು ಕಟ್ಕೊಳ್ತಾರೆ?”

ಆ ಸಾವಿರ ಸುಳ್ಳಿಗೆ ಬೆಲೆ ತೆರುವವಳು ಯಾವಾಗಲೂ ಹುಡುಗಿಯೇ. ನಾದಿನಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗಳಿಗೆಗೊಮ್ಮೆ ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಎಷ್ಟು ಉಳಿದಿದೆಯೆಂದು ನೋಡಿಕೊಳ್ಳುವಳು. ಐದನೆಯ ದಿನ ಅವಳು ದಡಬಡನೆ ಹಿಂದಿನ ಕೋಣೆಗೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ.

“ಅತ್ತೆ, ನಿಜ ಹೇಳು. ನಿಂಗೆ ಮೊದಲು ಏನಾಯ್ತು?”

“ಕಣ್ಣು ಮಬ್ಬಾಯ್ತು ಕಣೇ. ಆಮೇಲೆ ಕಾಲು. ದೊಡ್ಡ ಡಾಕ್ಟರಿಗೆ ತೋರ್ಸಣ್ಣ ಅಂದೆ. ಮದುವೆ ಆಗ್ಲಿ, ಆಮೇಲೆ ನೋಡೋಣ ಅಂದ ನಿಮ್ಮಪ್ಪ.” ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಮದುವೇನೂ ಆಗ್ಲಿಲ್ಲ.”

ಬಾಗಿಲಲ್ಲಿ ಮಾವ ನಿಂತಿದ್ದರು. ಅತ್ತೆ ಅಣ್ಣನನ್ನು ನೋಡಿಯೇ ಹೇಳಿದರು: “ಆ ಡಾಕ್ಟರಮ್ಮನ್ನ ಕರೆಸಿ. ನನ್ನ ರಕ್ತಾನೂ ತಗೊಳ್ಲಿ, ನನ್ನ ಹೆಸರೂ ಬರ್ಕೊಳ್ಲಿ.”

“ಹುಚ್ಚಾ ನಿಂಗೆ? ಲೋಕ ಏನನ್ನುತ್ತೆ?”

“ಲೋಕ ನನ್ನ ನೋಡಿ ಇಪ್ಪತ್ತೆರಡು ವರ್ಷ ಆಯ್ತಣ್ಣ.”

ಅಷ್ಟರಲ್ಲಿ ನಾದಿನಿ ಗಂಡಿನ ಮನೆಗೆ ಫೋನ್ ಮಾಡಿಯಾಗಿತ್ತು.

“ನನಗೊಂದು ಕಾಯಿಲೆ ಇದೆ. ನಾಳೆಯಿಂದ ಔಷಧಿ ಶುರು ಮಾಡ್ತಿದ್ದೀನಿ. ನೀವು ಯೋಚನೆ ಮಾಡಿ ಹೇಳಿ. ನಾನು ಯೋಚನೆ ಮಾಡಿ ಆಯ್ತು.”