ಸರಾಸರಿಯಲ್ಲಿ ಕರಗಿದ ಆಲಿಕಲ್ಲು

ಅಕ್ಕನ ಎಡಗಿವಿ ಈಗ ಕೇಳಿಸುವುದಿಲ್ಲ. ಬಂದರಿನಲ್ಲಿ ಕ್ರೇನ್ ನಡೆಸುವವಳು ಅವಳು. ಆ ಮಧ್ಯಾಹ್ನ ಆಲಿಕಲ್ಲು ಕ್ಯಾಬಿನ್ನಿನ ಗಾಜು ಒಡೆಯಿತು. ಹಿಂದೆಯೇ ಸಿಡಿಲು ಕ್ರೇನಿನ ತುದಿಗೆ ಬಡಿಯಿತು. ಹವಾಮಾನ ಕಚೇರಿಯಿಂದ ಎಚ್ಚರಿಕೆ ಬಂದರೆ ಮಾತ್ರ ಕೆಳಗಿಳಿಯಬೇಕು, ತಾನಾಗಿ ಇಳಿದರೆ ಕೆಲಸ ಬಿಟ್ಟು ಹೋದ ಹಾಗೆ ಎನ್ನುವುದು ಅಲ್ಲಿನ ನಿಯಮ. ಅಂದು ಎಚ್ಚರಿಕೆ ಹೋಗಿರಲಿಲ್ಲ. 'ಅಲ್ಲಲ್ಲಿ ತುಂತುರು' ಎಂದಷ್ಟೇ ಹೋಗಿತ್ತು. ಕಳಿಸಿದ್ದು ನಾನು ಕೆಲಸ ಮಾಡುವ ಕಚೇರಿ.

ಆ ನಿಯಮವನ್ನೇ ಮರೆತು, ಮೋಡ ಕಂಡೂ ಇಳಿಯದಿದ್ದದ್ದು ಅವಳದೇ ತಪ್ಪು ಎನ್ನುತ್ತಿದ್ದಾರೆ ಬಂದರಿನವರು. ವಿಚಾರಣೆಯಲ್ಲಿ ಹಾಗೆಂದೇ ತೀರ್ಮಾನವಾದರೆ ಅವಳ ಲೈಸೆನ್ಸ್ ಹೋಗುತ್ತದೆ.

"ಲೋ, ನಿಮ್ಮ ಕಂಪ್ಯೂಟರಿಗೆ ಕಣ್ಣು ಕುರುಡಾ?" ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಅಕ್ಕ ಕೇಳಿದಳು. "ನನ್ನ ಕಿವಿ ಹೋಯ್ತು, ಸರಿ. ನಿನ್ನ ನಾಲಿಗೆಗೇನಾಗಿದೆ?"

ನಾನು ನೀರಿನ ಲೋಟ ನೋಡುತ್ತ ಕೂತೆ. ನಮ್ಮ ಮನೆಯಲ್ಲಿ ನನ್ನ ಮೌನವನ್ನು ಒಳ್ಳೆಯತನ ಎಂದುಕೊಂಡವರೇ ಹೆಚ್ಚು. ಅಕ್ಕ ಮಾತ್ರ ಎಂದೂ ಹಾಗೆ ಮೋಸಹೋಗಲಿಲ್ಲ.

ಕಂಪ್ಯೂಟರ್ ಕುರುಡಾಗಿರಲಿಲ್ಲ. ಬಿರುಮಳೆಯ ಲೆಕ್ಕವನ್ನು ನಾವು ಒಂದೇ ಸಲ ಓಡಿಸುವುದಿಲ್ಲ. ಆರಂಭದ ಗಾಳಿ, ತೇವ ಕೊಂಚ ಕೊಂಚ ಬದಲಿಸಿ ಹಲವು ಸಲ ಓಡಿಸುತ್ತೇವೆ. ಅಂದಿನ ಪ್ರತಿ ಓಟದಲ್ಲೂ ಮೋಡ ಗೋಪುರದಂತೆ ಎದ್ದಿತ್ತು, ಆಲಿಕಲ್ಲು ಸುರಿದಿತ್ತು, ಸಿಡಿಲು ಬಡಿದಿತ್ತು. ಒಂದರಲ್ಲಿ ಸಮುದ್ರದ ಮೇಲೆ, ಇನ್ನೊಂದರಲ್ಲಿ ರೈಲ್ವೆ ಯಾರ್ಡಿನ ಮೇಲೆ, ಮತ್ತೊಂದರಲ್ಲಿ ಕೊಂಚ ತಡವಾಗಿ ಮೀನು ಮಾರುಕಟ್ಟೆಯ ಮೇಲೆ. ನಮ್ಮ ಮುಖ್ಯಸ್ಥರು ಅವನ್ನೆಲ್ಲ ಕೂಡಿಸಿ ಭಾಗಿಸಿದರು. ಇಲ್ಲಿಷ್ಟು, ಅಲ್ಲಿಷ್ಟು ಹರಡಿಕೊಂಡು ಎಲ್ಲ ಕಡೆ ತುಂತುರಾಯಿತು. ಸುತ್ತಲಿಂದ ಜನ ಬೆಂಕಿ ಬೆಂಕಿ ಎಂದು ಕೂಗಿದರೆ, ಊರು ಸ್ವಲ್ಪ ಬೆಚ್ಚಗಿದೆ ಎಂದು ಬರೆದುಕೊಳ್ಳುವ ಬುದ್ಧಿ. ಕಚೇರಿಯಲ್ಲಿ ಅವರಿಗೆ ಸರಾಸರಿ ಸಾಹೇಬರು ಎಂದೇ ಹೆಸರು. ನಾವದನ್ನು ಹೇಳಿ ನಗುತ್ತಿದ್ದೆವು. ಈಗ ಆ ನಗು ನೆನೆದರೆ ಮೈ ಉರಿಯುತ್ತದೆ.

"ವಿಚಾರಣೆಗೆ ಸರಾಸರಿ ಚಿತ್ರ ಒಂದೇ ಸಾಕು," ಎಂದರು ಸಾಹೇಬರು ಮರುದಿನ ಕಚೇರಿಯಲ್ಲಿ, ಕನ್ನಡಕ ಒರೆಸುತ್ತ. "ಒಂದೊಂದೇ ಓಟ ತೋರಿಸಿದ್ರೆ ಜನಕ್ಕೆ ಗೊಂದಲ ಆಗುತ್ತೆ."

"ಗೊಂದಲ ಅಲ್ಲ ಸರ್, ಅರ್ಥ ಆಗುತ್ತೆ."

"ನೋಡ್ರೀ, ಅಕ್ಕ ಅಂತ ತಲೆ ಕೆಡಿಸ್ಕೋಬೇಡಿ. ನಮ್ಮದು ವಿಜ್ಞಾನ."

ಅವರು ಹೇಳಿದಂತೆ ಸರಾಸರಿ ಚಿತ್ರವನ್ನೇ ವಿಚಾರಣೆಗೆ ಸಿದ್ಧಮಾಡಿದೆ. ಓಟಗಳೂ ಅದೇ ಲ್ಯಾಪ್‌ಟಾಪಿನಲ್ಲಿ ಉಳಿದವು.

ವಿಚಾರಣೆಯ ಕೋಣೆಯಲ್ಲಿ ಪರದೆ ನಡೆಸುವ ಕೆಲಸ ನನ್ನದೇ. ಅಕ್ಕ ಗೋಡೆಯ ಪಕ್ಕ ಕೂತಿದ್ದಳು. ಸಾಹೇಬರು ನಕ್ಷೆಯ ಮೇಲಿನ ತೆಳುನೀಲಿ ಮಬ್ಬನ್ನು ತೋರಿಸಿ, "ಕಂಪ್ಯೂಟರ್ ಲೆಕ್ಕದಲ್ಲೇ ಇಲ್ಲದ ಆಲಿಕಲ್ಲನ್ನ ಯಾರು ತಾನೇ ಹೇಳೋಕಾಗುತ್ತೆ?" ಎಂದರು. ವಿಚಾರಣಾಧಿಕಾರಿ ತಲೆಯಾಡಿಸಿ ಅದನ್ನು ಬರೆದುಕೊಂಡರು. ಆ ತಲೆಯಾಟ ಅಕ್ಕನ ಕೆಲಸವನ್ನು ಕಿತ್ತುಕೊಳ್ಳುತ್ತಿರುವುದು ನನಗೆ ಕಂಡಿತು.

ನಾನು ಮೊದಲನೆಯ ಓಟ ತೆರೆದೆ. ಆಲಿಕಲ್ಲಿನ ಕಡುಕೆಂಪು ಗುರುತು. ಎರಡನೆಯದು. ಮೂರನೆಯದು. ಸಾಹೇಬರು "ಏನ್ರೀ ಇದು, ಮುಚ್ರೀ" ಎನ್ನುತ್ತಿದ್ದರೂ ನಿಲ್ಲಿಸಲಿಲ್ಲ. ಕೆಂಪು ಬಂದರಿನ ಸುತ್ತ ಸುತ್ತಾಡುತ್ತಲೇ ಇತ್ತು.

"ಇವೆಲ್ಲ ಅವತ್ತು ಬೆಳಿಗ್ಗೆಯೇ ಇದ್ವಾ?" ಅಧಿಕಾರಿ ಕೇಳಿದರು.

"ಇದ್ವು. ತುಂತುರು ಅಂತ ಬರೆಯೋಕೆ ಮುಂಚೆನೇ ಇದ್ವು."

ಸಾಹೇಬರು ಎದ್ದು ನಿಂತರು. "ಇದರಲ್ಲಿ ಒಂದಾದ್ರೂ ಸರಿಯಾಗಿ ಕ್ರೇನ್ ಮೇಲೆ ಬಿದ್ದಿದೆಯೇನ್ರೀ?"

"ಇಲ್ಲ ಸರ್. ಅದರ ಸುತ್ತ ಎಲ್ಲ ಕಡೆ ಬಿದ್ದಿದೆ. ಒಬ್ಬಳನ್ನ ಕೆಳಗಿಳಿಸೋಕೆ ಇನ್ನೇನು ಬೇಕಿತ್ತು?"

ನನ್ನ ದನಿ ಕೋಣೆಯಾಚೆಗೂ ಕೇಳಿಸಿತು. ಅಧಿಕಾರಿ ತಾವು ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಅಕ್ಕ ಕುರ್ಚಿಯನ್ನು ಕರಕರ ಎಳೆದು, ಕೇಳುವ ಕಿವಿಯನ್ನು ಸಾಹೇಬರ ಕಡೆಗೆ ತಿರುಗಿಸಿ ಕೂತಳು.

"ಹೇಳಿ," ಎಂದಳು.

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು.