ಸದ್ದಿಲ್ಲದ ಪ್ರಚಾರದ ಗಾಡಿ

ತೆಲಂಗಾಣದ ಗಡಿಯೂರು ಮಕ್ತಲ್ ಪುರಸಭೆಗೆ ೨೦೨೦ರ ಜನವರಿಯಲ್ಲಿ ಚುನಾವಣೆ ಎಂದಾಗ ಪರಮೇಶನ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ತಾನೇ ನಿಲ್ಲಬೇಕೆಂದಿದ್ದ ಅವನು ಎರಡು ದಿನ ಸರ್ಕಾರವನ್ನು ಬೈದ. ಮೂರನೆಯ ದಿನ ತನಗೊಬ್ಬ ಹೆಂಡತಿ ಇದ್ದಾಳೆಂಬುದು ನೆನಪಾಯಿತು.

ಭುವನೇಶ್ವರಿ ನಾಮಪತ್ರಕ್ಕೆ ಸಹಿ ಹಾಕಿದಳು. ಪಕ್ಷೇತರ ಅಭ್ಯರ್ಥಿ, ಗುರುತು ಚಹಾದ ಕಪ್ಪು-ಬಸಿ. ಪೋಸ್ಟರಿನಲ್ಲಿ ಪರಮೇಶನ ಮುಖ ಊಟದ ತಾಟಿನಷ್ಟಿತ್ತು, ಅವಳದು ಬಸಿಯಷ್ಟು. ಬೀಜ-ಗೊಬ್ಬರದ ಅಂಗಡಿ ನಡೆಸುವ ಅವನಿಗೆ ಬೆಳೆ ಯಾರದಾದರೂ ಹೊಲ ತನ್ನದೇ ಎಂದುಕೊಳ್ಳುವ ಅಭ್ಯಾಸ.

ಅವನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಭುವನೇಶ್ವರಿಗೆ ನಿಜವಾಗಿಯೂ ಗೆಲ್ಲಬೇಕಿತ್ತು. ವಾರ್ಡಿನ ಅಂಗನವಾಡಿ ತಗಡಿನ ಬಾಡಿಗೆ ಕೋಣೆಯಲ್ಲಿ ನಡೆಯುತ್ತಿತ್ತು; ಇಪ್ಪತ್ತಮೂರು ಮಕ್ಕಳು, ಒಂದೇ ಕಿಟಕಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಸರ್ಕಾರದ ಜಾಗ ಖಾಲಿ ಬಿದ್ದಿತ್ತು. ಅಲ್ಲಿ ಅಂಗನವಾಡಿ ಕಟ್ಟಿಸುತ್ತೇನೆಂದು ಅವಳು ಮನೆಮನೆಗೆ ಹೋಗಿ ಮಾತು ಕೊಟ್ಟಿದ್ದಳು. ಆ ಮಾತಿನ ಮೇಲೆಯೇ ಹೆಂಗಸರು ಅವಳ ಹಿಂದೆ ಬರತೊಡಗಿದ್ದರು.

ಪ್ರಚಾರಕ್ಕೆ ಪರಮೇಶ ತನ್ನ ಹಳೆಯ ಡೀಸೆಲ್ ಕಾರನ್ನೇ ಇಳಿಸಿದ. ನಾರಾಯಣಪೇಟೆಯಿಂದ ಒಂದು ಕೈಮೈಕು, ಕಹಳೆಬಾಯಿಯ ಎರಡು ಹಾರ್ನ್ ಸ್ಪೀಕರು ಬಾಡಿಗೆಗೆ ತಂದು, ಹಾರ್ನುಗಳನ್ನು ಕಾರಿನ ಮೇಲೆ ಕಟ್ಟಿಸಿದ. ಮೊದಲ ದಿನವೇ ಕಾರಿನ ತಗಡು ತಮಟೆಯಂತೆ ಬಡಿದುಕೊಂಡು, ಒಳಗೆ ಕೂತವನ ಹಲ್ಲು ಅಲ್ಲಾಡಿದವು. ಫೋನು ಬಂದರೆ ಹಲೋ ಹಲೋ ಎನ್ನುವುದೊಂದೇ ಕೆಲಸ. ಊರಿಗೆಲ್ಲ ಕೇಳಿಸಬೇಕು, ತನಗೆ ಮಾತ್ರ ಕೇಳಿಸಬಾರದು. ಅದು ಅವನ ಬೇಡಿಕೆ.

ಪರಮೇಶ ಫೋನಿನಲ್ಲಿ ತೆಲುಗಿನ ವಿಡಿಯೊ ನೋಡಿದ. ಬಾಗಿಲ ತಗಡಿಗೆ ಅಂಟಿನ ರಬ್ಬರ್ ಹಾಳೆ ಒತ್ತಿದರೆ ಅದರ ನಡುಕ ಸಾಯುತ್ತದೆ, ಮೇಲೆ ಸ್ಪಂಜು ಹಾಕಿದರೆ ಉಳಿದ ಸದ್ದನ್ನು ಅದು ಕುಡಿಯುತ್ತದೆ ಎಂದು ವಿಡಿಯೊದವನು ಸಮಾಧಾನದಿಂದ ಹೇಳಿದ್ದ. ಪರಮೇಶ ಗದ್ವಾಲಕ್ಕೆ ಹೋಗಿ ತಂದದ್ದು ಮಾಳಿಗೆ ಸೋರದಂತೆ ಹಾಸುವ ಡಾಂಬರು ಹಾಳೆ.

"ಇದು ಮಾಳಿಗಿದಲ್ಲೇನ್ರಿ?" ಎಂದಳು ಭುವನೇಶ್ವರಿ.

"ಅದೂ ಕರ್ರಗೈತಿ, ಇದೂ ಕರ್ರಗೈತಿ. ಅದೂ ಅಂಟತೈತಿ, ಇದೂ ಅಂಟತೈತಿ. ನಿನಗೇನ್ ತಿಳೀತೈತಿ?"

ಅಂಗಳದಲ್ಲಿ ಎರಡು ದಿನ ಕಾರಿನ ಕರುಳು ಹರಡಿಕೊಂಡು ಬಿದ್ದಿತ್ತು. ಬಾಗಿಲ ಒಳಹಲಗೆ ಕೀಳುವಾಗ ಒಂಬತ್ತು ಕ್ಲಿಪ್ಪು ಮುರಿದವು. ಹಾಳೆ ಒತ್ತಲು ಅವಳ ಲಟ್ಟಣಿಗೆ ಹೋಯಿತು. ಛಾವಣಿಗೆ ಹಳೆಯ ಗಾದಿಯ ಸ್ಪಂಜು, ಕಾಲ ಕೆಳಗೆ ಅವಳ ತಾಯಿ ಹೊಲಿದ ಕೌದಿ. ಎಲ್ಲ ಮರಳಿ ಜೋಡಿಸಿದ ಮೇಲೆ ಹನ್ನೊಂದು ಸ್ಕ್ರೂ ಉಳಿದವು.

"ಕಂಪನಿಯವ್ರು ಸುಮ್ನ ಹೆಚ್ಚಿಗಿ ಹಾಕಿರ್ತಾರ," ಎಂದ ಪರಮೇಶ.

ಬಾಗಿಲು ತೆರೆಯಲು ಎರಡು ಕೈ ಬೇಕಾಯಿತು. ಒಳಗೆ ಹೊಸ ರಸ್ತೆಯ ವಾಸನೆ. ಆದರೂ ಇದ್ದದ್ದು ಇದ್ದಂತೆ ಹೇಳಬೇಕು: ಗಾಜು ಏರಿಸಿ ಎಸಿ ಹಾಕಿದರೆ ಮೇಲಿನ ಕೂಗು ಒಳಗೆ ಪಕ್ಕದ ಮನೆಯ ಗೊರಕೆಯಷ್ಟೇ ಕೇಳುತ್ತಿತ್ತು. ಪರಮೇಶ ಮೀಸೆ ತಿರುವಿದ. ಬದುಕಿನಲ್ಲಿ ಅವನು ಕೈಯಾರೆ ಮಾಡಿದ ಕೆಲಸ ಅದೊಂದೇ. ಅದೂ ತನ್ನ ಕಿವಿ ಮುಚ್ಚಿಕೊಳ್ಳಲು.

ಪ್ರಚಾರ ಮುಗಿಯುವ ಹಿಂದಿನ ದಿನ ಬೆಳಿಗ್ಗೆ ಭುವನೇಶ್ವರಿ, ಪಕ್ಕದ ಮನೆಯ ರಜಿತಾ ಮತ್ತು ಏಳೆಂಟು ಹೆಂಗಸರು ಟ್ಯಾಂಕಿನ ಓಣಿಯಲ್ಲಿ ಮನೆಮನೆಗೆ ಹೋಗುತ್ತಿದ್ದರು. ಮೂವತ್ತು ಹೆಜ್ಜೆ ಹಿಂದೆ ಕಾರು ತೆವಳುತ್ತಿತ್ತು. ಓಡಿಸುತ್ತಿದ್ದವನು ಪರಮೇಶನ ಗೆಳೆಯ ಕಾಂತೇಶ. ಪಕ್ಕದ ಸೀಟಿನಲ್ಲಿ ಮೈಕು ಹಿಡಿದ ಪರಮೇಶ. ಅವನು ಪ್ರಚಾರದ ರೆಕಾರ್ಡು ತಗ್ಗಿಸಿ, "ನಿಮ್ಮ ಅಮೂಲ್ಯವಾದ ಓಟು ಕಪ್ಪು-ಬಸಿಗೆ" ಎಂದು ಮೂರು ಸಲ ಕೂಗಿ, ಮೈಕನ್ನು ತೊಡೆಯ ಮೇಲಿಟ್ಟುಕೊಂಡ. ಗುಂಡಿ ಒತ್ತಿ ಮೈಕು ಆರಿಸುವುದನ್ನೂ, ರೆಕಾರ್ಡು ಏರಿಸುವುದನ್ನೂ ಮರೆತ.

ಹಾಳೆ ಹಾಕುವ ಮುಂಚಿನ ಕಾರಾಗಿದ್ದರೆ ಮರೆಯಲು ಆಗುತ್ತಿರಲಿಲ್ಲ. ಮೇಲಿನ ಸದ್ದು ಒಳಗಿನ ಮೈಕಿಗೆ ಹೊಕ್ಕು, ಕುಂಯ್ ಎಂದು ಕಿರುಚಿ ತಪ್ಪು ತೋರಿಸುತ್ತಿತ್ತು. ಈಗ ಒಳಗಿನದು ಹೊರಗೆ ಹೋಗುತ್ತಿತ್ತು, ಹೊರಗಿನದು ಒಳಗೆ ಬರುತ್ತಿರಲಿಲ್ಲ. ಮೇಲಿನಿಂದ ಗೊರಕೆಯಂತೆ ಕೇಳುತ್ತಿದ್ದ ತಮ್ಮದೇ ಮಾತನ್ನು ಇಬ್ಬರೂ ರೆಕಾರ್ಡೆಂದೇ ತಿಳಿದರು.

"ಈ ಓಣಿ ಹೆಂಗೈತಲೇ ಕಾಂತ್ಯಾ?" ಎಂದಿತು ಮೇಲಿನ ಹಾರ್ನು ಪರಮೇಶನ ಧ್ವನಿಯಲ್ಲಿ, ಇಡೀ ಓಣಿಗೆ.

"ಗಟ್ಟಿ ಐತಣ್ಣಾ. ಭುವನೇಶ್ವರಿ ವೈನಿ ಅಂಗನವಾಡಿ ಅಂದಾರಲ್ಲ, ಹೆಣ್ಮಕ್ಳು ಕುಣೀತಾರ."

"ಕುಣೀಲಿ ಬಿಡು. ಗೆದ್ದಮ್ಯಾಲ ಆ ಜಾಗಾದಾಗ ನನ್ನ ಗೊಬ್ಬರದ ಗೋದಾಮು. ಇವ್ರ ಹುಡುಗ್ರು ಹುಟ್ಟಿದಾಗಿಂದ ಆ ತಗಡಿನಾಗ ಅದಾವ, ಇನ್ನೈದು ವರ್ಸ ಬೆಂದ್ರ ಕರಗ್ತಾವೇನು?"

ಓಣಿಯಲ್ಲಿ ಕಸ ಹೊಡೆಯುತ್ತಿದ್ದವರು ಕಸಬರಿಗೆ ನಿಲ್ಲಿಸಿದರು. ಕಟ್ಟೆಯ ಮೇಲೆ ಗಡ್ಡ ಹೆರೆಸಿಕೊಳ್ಳುತ್ತಿದ್ದ ಬಾಲಯ್ಯ ಅರ್ಧ ಸೋಪಿನ ಮುಖದಲ್ಲೇ ಎದ್ದು ನಿಂತ.

"ವೈನಿ ಒಪ್ತಾರೇನಣ್ಣಾ?"

"ಆಕಿದೇನೈತಿ? ಸೈ ಮಾಡಾಕ ಒಂದು ಕೈ ಬೇಕಾಗಿತ್ತು, ಮನ್ಯಾಗ ಇತ್ತು, ತಂದೀನಿ."

ಭುವನೇಶ್ವರಿ ಓಡಿ ಬಂದು ಬಾಗಿಲು ಬಡಿದಳು. ಡಾಂಬರು ತುಂಬಿದ ಬಾಗಿಲು ಗೋಡೆಯಂತೆ ಮಂದವಾಗಿ ದಪ್ಪೆಂದಿತು. ಪರಮೇಶ ಅವಳನ್ನು ನೋಡಿ, ಮುಂದೆ ಹೋಗು ಎಂದು ಕೈ ಬೀಸಿದ. ಹಾರ್ನು ಹೇಳಿತು: "ಬಂದ್ರು ನೋಡು ನಮ್ಮ ಕೌನ್ಸಿಲರು. ನೀರು ಕುಡಿಯಾಕ ಬೇಕಾಗಿರಬೇಕು. ನಡಿ, ನಡಿ."

ಯಾರೋ ಕಿಸಕ್ಕೆಂದರು. ಆ ನಗು ಪರಮೇಶನ ಮೇಲಿನದೋ ತನ್ನ ಮೇಲಿನದೋ ಎಂದು ಅವಳಿಗೆ ತಿಳಿಯಲಿಲ್ಲ. ಅವಳು ನೋಡಿದ್ದು ಅಮರಮ್ಮನನ್ನು. ಆ ಮುದುಕಿಯ ಇಬ್ಬರು ಮೊಮ್ಮಕ್ಕಳು ಅಂಗನವಾಡಿಯ ಅದೇ ತಗಡಿನ ಕೋಣೆಗೆ ಹೋಗುತ್ತಿದ್ದರು.

"ಯವ್ವಾ, ಒಂದು ಮಾತು ಹೇಳಿಬಿಡು," ಎಂದಳು ಅಮರಮ್ಮ. "ನೀ ಗೆದ್ರ ಯಾರ ಮಾತು ನಡೀತೈತಿ? ನಿಂದೋ, ಅದ್ರಾಗ ಕುಂತವಂದೋ?"

"ನಂದೇ, ಅಮರವ್ವ."

"ಇಲ್ಲಿ ನನ್ನ ಕಿವ್ಯಾಗ ಹೇಳಿದ್ರ ಏನ್ ಬಂತು? ಅವಾ ಊರಿಗೆಲ್ಲ ಹೇಳ್ಯಾನ."

ರಜಿತಾ ತೋಳು ಹಿಡಿದು, "ಅಕ್ಕಾ, ಮನಿಗೆ ಹೋಗೂಣು ಬಾ," ಎಂದಳು. ಹೋದರೆ ಮುಗಿಯಿತು. ಇವತ್ತು ಸಂಜೆಯೊಳಗೆ ಈ ಮಾತು ಊರು ಸುತ್ತುತ್ತದೆ, ನಾಳೆ ಸಂಜೆಗೆ ಪ್ರಚಾರ ಬಂದ್. ಭುವನೇಶ್ವರಿ ತೋಳು ಬಿಡಿಸಿಕೊಂಡು, ಸೆರಗು ಸಿಗಿಸಿ, ಕಾರಿನ ಮುಂದೆ ಹೋಗಿ ನಿಂತಳು.

ಕಾಂತೇಶ ಗಕ್ಕನೆ ಬ್ರೇಕು ಹಾಕಿದ. ಅವಳು ಬಳಸಿ ಬಂದು ಎರಡೂ ಕೈಯಿಂದ ಪರಮೇಶನ ಬಾಗಿಲು ಎಳೆದಳು.

"ಏನಾಗೇತಿ ನಿನಗ? ತಲಿ ಕೆಟ್ಟೈತೇನು?" ಎಂದ ಪರಮೇಶ. ತೆರೆದ ಬಾಗಿಲಿನಿಂದ ಅವನ 'ತಲಿ ಕೆಟ್ಟೈತೇನು' ಅವನಿಗೇ ಸಿಡಿಲಿನಂತೆ ವಾಪಸು ಬಂತು; ಬೆನ್ನಿಗೇ ಮೈಕು ಕುಂಯ್ ಎಂದು ಕಿರುಚಿತು. ಅವನು ಮೇಲೆ ನೋಡಿದ. ಓಣಿ ನೋಡಿದ. ಬಾಲಯ್ಯನ ಸೋಪಿನ ಮುಖ ನೋಡಿದ. ಅಲ್ಲಿಯವರೆಗೂ ಕೆಂಪಗಿದ್ದ ಅವನ ಮುಖ ನೆನೆಸಿಟ್ಟ ಅಕ್ಕಿಯ ಬಣ್ಣಕ್ಕೆ ತಿರುಗಿತು.

ಭುವನೇಶ್ವರಿ ಅವನ ತೊಡೆಯ ಮೇಲಿನ ಮೈಕು ತೆಗೆದುಕೊಂಡು, ಹಿಂದಿನ ಸೀಟಿನಲ್ಲಿ ಕೂತು, ಮುಂದಿನ, ಹಿಂದಿನ ಎರಡೂ ಬಾಗಿಲು ಮುಚ್ಚಿಸಿದಳು. ಮೈಕಿನ ಕಿರುಚಾಟ ನಿಂತಿತು.

"ಅಕ್ಕಂದಿರಾ, ಅಣ್ಣಂದಿರಾ," ಎಂದಳು. ಮೈಕನ್ನು ಇನ್ನೂ ಹತ್ತಿರ ಹಿಡಿದಳು. "ನಾನು ಭುವನೇಶ್ವರಿ. ಇಷ್ಟೊತ್ತು ನೀವು ಕೇಳಿದ್ದು ನನ್ನ ಮಾತಲ್ಲ. ಆದ್ರ ಅದನ್ನ ಸುಳ್ಳು ಅನ್ನಂಗಿಲ್ಲ. ಅವರ ಮನಸಿನಾಗ ಇದ್ದದ್ದು ಅದ. ನಾಮಪತ್ರದ ಮ್ಯಾಲ ಹೆಸರು ನಂದೈತಿ. ಗೆದ್ರ ಸೈ ಮಾಡಾಕಿ ನಾನು. ಗೋದಾಮಿನ ಕಾಗದಕ್ಕ ನಾ ಸೈ ಮಾಡೂದಿಲ್ಲ. ಅಂಗನವಾಡಿ ಕಾಗದಕ್ಕ ಮಾಡ್ತೀನಿ."

ಪರಮೇಶ ಹಿಂದೆ ತಿರುಗಿ ಬಾಯಿ ತೆರೆದ. ಅವಳು ಮೈಕನ್ನು ಅವನ ತುಟಿಯ ಹತ್ತಿರ ಹಿಡಿದಳು. ಅವನು ಬಾಯಿ ಮುಚ್ಚಿದ. ಮೈಕು ದೂರ ಸರಿಸಿದಳು, ಮತ್ತೆ ತೆರೆದ. ಮತ್ತೆ ಹಿಡಿದಳು, ಮತ್ತೆ ಮುಚ್ಚಿದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಮಾತಾಡುವ ಮುಂಚೆ ಯೋಚಿಸಿದ್ದು ಅವತ್ತೇ ಮೊದಲು.

"ಜಾಗಾ ಯಾರಿಗೆ ಬಿಡ್ತೀರಿ, ಹೇಳ್ರಿ," ಎಂದಳು, ಮೈಕಿನಲ್ಲೇ.

ಗಾಜಿನ ಸುತ್ತ ಮುಖಗಳು ಸೇರಿದ್ದವು. ಕಾಂತೇಶ ಸ್ಟಿಯರಿಂಗಿನ ಮೇಲೆ ಏನೋ ಬರೆದಿದೆ ಎಂಬಂತೆ ಅದನ್ನೇ ಓದುತ್ತಿದ್ದ.

"ಅಂಗನವಾಡಿಗೆ," ಎಂದ ಪರಮೇಶ.

ಅಮರಮ್ಮ ಹೊರಗಿನಿಂದ ಗಾಜು ತಟ್ಟಿ ತನ್ನ ಕಿವಿ ಮುಟ್ಟಿ ತೋರಿಸಿದಳು. ಅವಳ ಮಾತು ಒಳಗೆ ಕೇಳಲಿಲ್ಲ, ಸನ್ನೆ ತಿಳಿಯಿತು.

"ಜೋರಾಗಿ ಹೇಳ್ರಿ," ಎಂದಳು ಭುವನೇಶ್ವರಿ.

ಅವನು ಜೋರಾಗಿ ಹೇಳಿದ. ಭುವನೇಶ್ವರಿ ಮೈಕು ಆರಿಸಿ, ಗಾಜು ಇಳಿಸಿ ಅಮರಮ್ಮನತ್ತ ನೋಡಿದಳು. ಅಮರಮ್ಮ ನಗಲಿಲ್ಲ, ಹೌದೆನ್ನಲೂ ಇಲ್ಲ. ರಸ್ತೆ ಬಿಟ್ಟು ಪಕ್ಕಕ್ಕೆ ಸರಿದು, ಮುಂದಿನ ಓಣಿಯ ಕಡೆ ಕೈ ತೋರಿಸಿದಳು.

"ನಡಿ, ಕಾಂತೇಶಪ್ಪ," ಎಂದಳು ಭುವನೇಶ್ವರಿ. "ಗಾಜು ಎಲ್ಲಾ ಇಳಸು. ಇನ್ನೂ ನಾಕು ಓಣಿ ಅದಾವ. ಒಂದೊಂದ್ರಾಗೂ ಇವ್ರು ಮೈಕಿಲ್ದ, ಬರೇ ಬಾಯಿಲೆ ಹೇಳ್ತಾರ."